ಕಾಡಿನ ಸೆರಗಿನ ಊರು ಖಾನಾಪುರ

ನಮ್ಮ ಬೆಳಗಾವಿ ಜಿಲ್ಲೆ ದೊಡ್ಡದು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಕಬ್ಬು. ನಿಪ್ಪಾಣಿ ಕಡೆ ತಂಬಾಕು. ಬೆಳಗಾವಿ ದಾಟಿ ದಕ್ಷಿಣಕ್ಕೆ ಹೋದರೆ ಕಾಡು. ಅಲ್ಲಿದೆ ಖಾನಾಪುರ.

ಖಾನಾಪುರ ಮಲಪ್ರಭಾ ಹೊಳೆಯ ದಂಡೆಯ ಊರು. ಈ ಹೊಳೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಮುಂದೆ ಕೂಡಲಸಂಗಮದಲ್ಲಿ ನಮ್ಮ ಕೃಷ್ಣೆಯನ್ನು ಕೂಡುತ್ತದೆ.

ಊರು ಸಣ್ಣದು. ಆದರೆ ತಾಲೂಕಿನ ಮುಖ್ಯ ಊರು. ತಹಶೀಲ್ದಾರ ಕಚೇರಿ, ಕೋರ್ಟು, ಸರಕಾರಿ ದವಾಖಾನೆ, ಅರಣ್ಯ ಇಲಾಖೆಯ ಕಚೇರಿ ಇಲ್ಲಿವೆ. ಕಾಡಿನ ಹಳ್ಳಿಯವರು ಈ ಕಚೇರಿಗಳ ಕೆಲಸಕ್ಕೆ ಇಲ್ಲಿಗೆ ಬರಬೇಕು. ಆ ದಿನದ ಕೂಲಿ ಹೋದಂತೆಯೇ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೂ ಬಂದ್.

2011ರಲ್ಲಿ ಈ ತಾಲೂಕಿನ ಭೀಮಗಡ ಕಾಡು ವನ್ಯಜೀವಿ ಧಾಮವಾಯಿತು. ಕಾಡು ಉಳಿಯಬೇಕು. ಕಾಡಿದ್ದರೆ ಹೊಳೆಗೆ ನೀರು. ಆದರೆ ಕಾಡಿನಲ್ಲೇ ಬಾಳಿದವರ ಗತಿ ಏನು?

ಅದಕ್ಕಾಗಿ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಆಯಿತು. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನ ಭೂಮಿ ಉಳುತ್ತಿದ್ದ ಬುಡಕಟ್ಟಿನವರು ಹಕ್ಕು ಕೇಳಬಹುದು. ಬೇರೆಯವರಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿರಬೇಕು. ಅರ್ಜಿ ಮೊದಲು ಗ್ರಾಮಸಭೆಗೆ ಕೊಡಬೇಕು. ಹಕ್ಕುಪತ್ರದಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರೂ ಇರಬೇಕು. ಆ ಭೂಮಿ ಮಾರಲು ಬರುವುದಿಲ್ಲ.

ಒಂದು ಮನೆಯಲ್ಲಿ ಅತ್ತೆ-ಸೊಸೆಯ ಮಾತು ಕೇಳಿರಿ.

ಸೊಸೆ: "ಅತ್ತೀ, ಈ ಅರ್ಜಿ ಓದಿದೆ. ಹೆಂಡತಿಯ ಹೆಸರಿನ ಜಾಗ ಖಾಲಿ ಐತ್ರಿ."

ಅತ್ತೆ: "ಇರಲಿ ಬಿಡವ್ವಾ. ನಿಮ್ಮ ಮಾವ ಹೆಬ್ಬೆಟ್ಟು ಒತ್ತತಾರ."

ಸೊಸೆ: "ಇಲ್ಲಿ ಖಾಲಿ ಬಿಟ್ಟರ, ಹಕ್ಕುಪತ್ರದಾಗ ನಿಮ್ಮ ಹೆಸರು ಹ್ಯಾಂಗ ಬರತೈತ್ರಿ?"

ಅತ್ತೆ: "ಹೌದಲ್ಲ! ಪೆನ್ನು ತಾ. ನನ್ನ ಹೆಸರು ನಾನ ಬರೀತೇನಿ."

ಅಕ್ಕ-ತಂಗಿಯರೆ, ಇದು ಕಾಡಿನವರ ಮಾತು ಮಾತ್ರ ಅಲ್ಲ. ಮೊದಲು ನಿಪ್ಪಾಣಿಯವರು ಚಿಕ್ಕೋಡಿಗೆ, ಕಾಗವಾಡದವರು ಅಥಣಿಗೆ ಹೋಗಬೇಕಿತ್ತು. 2018ರಲ್ಲಿ ನಿಪ್ಪಾಣಿ, ಕಾಗವಾಡ ತಾಲೂಕುಗಳಾದವು. ಕಚೇರಿ ಹತ್ತಿರ ಬಂತು. ಆದರೆ ಕಾಗದದಲ್ಲಿ ಏನಿದೆ ಎಂದು ನಾವೇ ಓದಬೇಕು. ಓದದೆ ಹೆಬ್ಬೆಟ್ಟು ಒತ್ತಬಾರದು. ಖಾಲಿ ಕಾಗದಕ್ಕೆ ಸಹಿ ಮಾಡಲೇಬಾರದು.

ಉತ್ತರ ಬರೆಯಿರಿ

1. ಮಲಪ್ರಭಾ ಹೊಳೆ ಎಲ್ಲಿ ಹುಟ್ಟುತ್ತದೆ?
2. ಅರಣ್ಯ ಹಕ್ಕಿನ ಅರ್ಜಿ ಮೊದಲು ಎಲ್ಲಿ ಕೊಡಬೇಕು?
3. ಹಕ್ಕುಪತ್ರದಲ್ಲಿ ಯಾರ ಯಾರ ಹೆಸರು ಇರಬೇಕು?

ಮಾಡಿ ನೋಡಿರಿ

ನಿಮ್ಮ ಹೊಲದ ಉತಾರ ಅಥವಾ ಮನೆಯ ಕಾಗದ ತೆಗೆಯಿರಿ. ಅದರಲ್ಲಿ ಯಾರ ಹೆಸರಿದೆ? ಓದಿ ಹೇಳಿರಿ.