ರಸಮೇವಿನ ಗುಂಡಿ: ಮೊದಲ ಸಲ ಮಾಡುವವರಿಗೆ

ದೀಪಾವಳಿ ಹೊತ್ತಿಗೆ ಹೊಲದಲ್ಲಿ ತಿಂದು ಮುಗಿಯದಷ್ಟು ಹಸಿ ಮೇವು. ಶಿವರಾತ್ರಿ ಕಳೆಯಿತೆಂದರೆ ಗೋದಲಿಯಲ್ಲಿ ಬರೀ ಒಣಹುಲ್ಲು, ಹಾಲೂ ಇಳಿಮುಖ. ಹೆಚ್ಚಾದಾಗಿನ ಮೇವನ್ನು ಕೊರತೆಯ ಕಾಲಕ್ಕೆ ಹಸಿಯಾಗಿಯೇ, ಅಂದರೆ ರಸಮೇವಾಗಿ (ಸೈಲೇಜ್), ಎತ್ತಿಡಲು ಸೈಲೋ ಬೇಕು. ಸಿಮೆಂಟ್, ಗೋಧಿ ತುಂಬುವ ಎತ್ತರದ ಗೋಪುರವೇ ಆಗಬೇಕೆಂದಿಲ್ಲ. ಹೈನುಗಾರರಿಗೆ ನೆಲದಲ್ಲಿ ತೋಡಿದ ಗುಂಡಿ ಸಾಕು. ಉತ್ತರ ಕರ್ನಾಟಕದವರು ಜೋಳ ತುಂಬಿಡುತ್ತಿದ್ದ ಹಗೇವೂ ಇದೇ ಜಾತಿಯದು. ಎರಡೂ ಕಡೆ ಸಾಮಾನು ಕೆಡಿಸುವುದು ಗಾಳಿ. ಅದನ್ನು ಹೊರಗಿಡುವುದಕ್ಕೇ ಮುಂದಿನ ಇಷ್ಟೂ ಹಂತಗಳು.

ಹಂತ 1: ಲೆಕ್ಕ ಹಾಕಿ

ಗುದ್ದಲಿ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಚೆನ್ನಾಗಿ ತುಳಿದ ರಸಮೇವು ಒಂದು ಘನ ಅಡಿಗೆ ಸುಮಾರು 15 ಕೆ.ಜಿ. ತೂಗುತ್ತದೆ. ಹಸುವೊಂದಕ್ಕೆ ದಿನಕ್ಕೆ 20 ಕೆ.ಜಿ. ಎಂದುಕೊಂಡರೆ ಐದು ಹಸುಗಳಿಗೆ 100 ಕೆ.ಜಿ., ಮೂರು ತಿಂಗಳಿಗೆ 9 ಟನ್. ಅದಕ್ಕೆ 600 ಘನ ಅಡಿ ಜಾಗ ಬೇಕು.

ಈ 600 ಘನ ಅಡಿಯನ್ನು ಹೇಗೆ ಹಂಚುತ್ತೀರಿ ಎಂಬಲ್ಲಿ ಹೊಸಬರು ಎಡವುತ್ತಾರೆ. ಅಗಲವಾದ ಗುಂಡಿ ತೋಡಿದರೆ ತೆರೆದ ಮುಖ ದೊಡ್ಡದಾಗುತ್ತದೆ, ದಿನಕ್ಕೆ ಒಂದೆರಡು ಅಂಗುಲ ಮಾತ್ರ ಖರ್ಚಾಗುತ್ತದೆ. ಉಳಿದ ಮೇವಿಗೆ ಗಾಳಿ ತಾಗಿ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಅಂಗುಲವಾದರೂ ಕರಗಬೇಕು. ಆದ್ದರಿಂದ ಗುಂಡಿ ಉದ್ದವಾಗಿರಲಿ: 4 ಅಡಿ ಆಳ, 5 ಅಡಿ ಅಗಲ, 30 ಅಡಿ ಉದ್ದ. ಇದೇ ಕಾರಣಕ್ಕೆ, ಒಂದೆರಡು ಹಸು ಇರುವವರು ಗುಂಡಿಯ ಗೋಜಿಗೇ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. 50 ಕೆ.ಜಿ.ಯ ರಸಮೇವಿನ ಚೀಲಗಳನ್ನು ತುಂಬಿಟ್ಟುಕೊಳ್ಳಿ. ಬಾಯಿ ಬಿಚ್ಚಿದ ಚೀಲ ಎರಡು-ಮೂರು ದಿನದೊಳಗೆ ಖಾಲಿಯಾಗುತ್ತದೆ.

ಹಂತ 2: ಜಾಗ

ಕೊಟ್ಟಿಗೆಗೆ ಹತ್ತಿರದ, ನೀರು ನಿಲ್ಲದ ದಿಬ್ಬ ನೋಡಿ. ಗೋಡೆಗಳು ಮೇಲಕ್ಕೆ ಹೋದಂತೆ ತುಸು ಹೊರಕ್ಕೆ ಬಾಗಿರಲಿ. ಮೇವು ಕುಸಿದಾಗ ಗೋಡೆಗೆ ಇನ್ನೂ ಒತ್ತಿ ಕೂರುತ್ತದೆ. ಕಪ್ಪು ಮಣ್ಣು ಬಿರುಕು ಬಿಡುವುದರಿಂದ ಅಲ್ಲಿ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಮಲೆನಾಡು, ಕರಾವಳಿಯ ಮಳೆಗೆ ನೆಲದ ಮೇಲೆಯೇ ಗೋಡೆ ಕಟ್ಟುವುದು ವಾಸಿ.

ಹಂತ 3: ಹದ ನೋಡಿ ಕೊಯ್ಯಿರಿ

ರಸಮೇವಿಗೆ ಮುಸುಕಿನ ಜೋಳದಷ್ಟು ಒಗ್ಗುವ ಬೆಳೆ ಇನ್ನೊಂದಿಲ್ಲ. ಆಫ್ರಿಕನ್ ಟಾಲ್ ತಳಿಯಾದರೆ ಒಂದು ಎಕರೆಯ ಬೆಳೆ ಮೇಲಿನ ಗುಂಡಿಗೆ ಧಾರಾಳ.

ಒಂದು ತೆನೆ ಸುಲಿದು ನಡುವಿಗೆ ಮುರಿಯಿರಿ. ಕಾಳಿನ ಮೇಲ್ಭಾಗ ಗಟ್ಟಿ ಹಳದಿಯಾಗಿದ್ದು, ಬುಡದ ಅರ್ಧ ಇನ್ನೂ ಹಾಲುಹಾಲಾಗಿದ್ದರೆ ಅದೇ ಹದ. ಇನ್ನು ಕೈಯ ಪರೀಕ್ಷೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದು ಬಿಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ತೇವ ಹೆಚ್ಚು. ಕೈ ಬಿಟ್ಟ ಕೂಡಲೇ ಉದುರಿಹೋದರೆ ಒಣಗಿದೆ, ತುಳಿದರೂ ಗಾಳಿ ಹೋಗದು. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ನೀರಿನಂಶ 65–70% ಇದೆ ಎಂದರ್ಥ. ನೇಪಿಯರ್ ಹುಲ್ಲಿನಲ್ಲಿ ನೀರು ಜಾಸ್ತಿ. ಕೊಯ್ದು ಅರ್ಧ ದಿನವಾದರೂ ಬಾಡಲು ಬಿಡಿ.

ಹಂತ 4: ಕತ್ತರಿಸಿ

ಚಾಫ್ ಕಟರಿನಲ್ಲಿ ಒಂದರಿಂದ ಎರಡು ಸೆಂಟಿಮೀಟರ್. ಉದ್ದ ತುಂಡುಗಳು ಒತ್ತಾಗಿ ಕೂರುವುದಿಲ್ಲ.

ಹಂತ 5: ತುಂಬಿ, ತುಳಿಯಿರಿ

ಅರ್ಧ ಅಡಿ ಹರಡಿ ತುಳಿಯಿರಿ, ಮತ್ತೆ ಅರ್ಧ ಅಡಿ. ನಡುವೆ ಎಲ್ಲರೂ ತುಳಿಯುತ್ತಾರೆ, ಮೂಲೆ ಮತ್ತು ಗೋಡೆಯಂಚು ಉಳಿದುಬಿಡುತ್ತವೆ; ಬೂಸ್ಟು ಶುರುವಾಗುವುದೂ ಅಲ್ಲಿಂದಲೇ. ಹಿಮ್ಮಡಿ ಊರಿದರೆ ಹೂತುಹೋಗಬಾರದು, ಅಷ್ಟು ಗಟ್ಟಿಯಾಗಬೇಕು. ಕೆಲಸ ಒಂದೇ ದಿನಕ್ಕೆ ಮುಗಿದರೆ ಉತ್ತಮ, ಹೆಚ್ಚೆಂದರೆ ಎರಡು ದಿನ. ಆಳು ಸಿಗದಿದ್ದರೆ ಮುಯ್ಯಾಳು ಮಾಡಿಕೊಳ್ಳಿ.

ಮುಸುಕಿನ ಜೋಳದಲ್ಲೇ ಸಕ್ಕರೆಯಂಶ ಇರುವುದರಿಂದ ಏನನ್ನೂ ಬೆರೆಸಬೇಕಾಗಿಲ್ಲ. ನೇಪಿಯರಾದರೆ 100 ಕೆ.ಜಿ. ಮೇವಿಗೆ ಒಂದೆರಡು ಕೆ.ಜಿ. ಬೆಲ್ಲ ಅಥವಾ ಕಾಕಂಬಿ ಕರಗಿಸಿ ಪದರ ಪದರಕ್ಕೂ ಚಿಮುಕಿಸಿ.

ಹಂತ 6: ಮುಚ್ಚಿ

ನೆಲಮಟ್ಟಕ್ಕಿಂತ ಎರಡಡಿ ಮೇಲಕ್ಕೆ, ಆಮೆಯ ಬೆನ್ನಿನಂತೆ ಏರಿಸಿ. ಅದು ಹೇಗೂ ಕುಸಿಯುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಮೇಲೆ ಮಣ್ಣೋ ಹಳೆ ಟೈರೋ ಹೇರಿ. ಸುತ್ತ ನೀರು ಹರಿಯಲು ಕಾಲುವೆ ತೆಗೆಯಿರಿ. ಇಲಿ, ನಾಯಿ ಮಾಡಿದ ತೂತು ಕಂಡ ದಿನವೇ ಮುಚ್ಚಬೇಕು.

ಮೇವಿನ ತುಂಡುಗಳು ಇನ್ನೂ ಉಸಿರಾಡುತ್ತಿರುತ್ತವೆ. ಒಳಗುಳಿದ ಆಮ್ಲಜನಕವನ್ನು ಅವೇ ಮುಗಿಸುತ್ತವೆ. ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಮೊಸರನ್ನು ಹುಳಿ ಮಾಡುವುದೂ ಇದೇ ಆಮ್ಲ. ಪಿಎಚ್ 4ರ ಆಸುಪಾಸಿಗೆ ಇಳಿದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬಾಳಿಲ್ಲ. ಈ ಹುಳಿಯನ್ನು ಬೇಗ ಬರಿಸುವ ದಾರಿ ಹುಡುಕಿದ ಫಿನ್ಲೆಂಡಿನ ಎ.ಐ. ವಿರ್ಟಾನೆನ್ ಅವರಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ದನದ ಮೇವಿಗೂ ನೊಬೆಲ್ಲೇ ಎಂದು ನಗಬೇಡಿ.

ಒಂದು ಎಚ್ಚರಿಕೆ: ಬಾವಿಯಂತೆ ಆಳದ ಸೈಲೋ ಆದರೆ ತುಂಬಿದ ಮೊದಲ ವಾರಗಳಲ್ಲಿ ಅದರೊಳಗೆ ಇಳಿಯಲೇಬೇಡಿ. ಇಂಗಾಲದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತವೆ, ಜೀವ ತೆಗೆಯುತ್ತವೆ. ಹಗೇವಿಗೂ ಇದೇ ಮಾತು: ಬಾಯಿ ತೆಗೆದ ಕೂಡಲೇ ಇಳಿಯಬಾರದು.

ಹಂತ 7: ತೆರೆಯಿರಿ

45 ದಿನ ಕಾಯಿರಿ. ಒಂದು ತುದಿಯಿಂದ ಮಾತ್ರ ತೆರೆದು, ನೇರ ಗೋಡೆಯಂತೆ ಕತ್ತರಿಸುತ್ತ ಹೋಗಿ, ಪ್ರತಿ ಸಲವೂ ಮುಖ ಮುಚ್ಚಿ. ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಗೆದ್ದಿರಿ. ಹಳಸಿದ ಬೆಣ್ಣೆಯ ನಾತ ಬಂದರೆ ತೇವ ಹೆಚ್ಚಾಗಿತ್ತೆಂದು ತಿಳಿಯಿರಿ. ಕಪ್ಪಗಾದದ್ದು, ಬೂಸ್ಟು ಹಿಡಿದದ್ದು ನೇರ ತಿಪ್ಪೆಗೆ. ಅರ್ಧ ಬುಟ್ಟಿಯಲ್ಲವೇ ಎಂದು ಗಬ್ಬದ ಹಸುವಿನ ಮುಂದೆ ಸುರಿಯಬೇಡಿ.

ಹಂತ 8: ರೂಢಿ ಮಾಡಿಸಿ

ಮೊದಲ ದಿನ ಕೆಲವು ಹಸುಗಳು ಮೂಸಿ ಮುಖ ತಿರುಗಿಸುತ್ತವೆ. 5 ಕೆ.ಜಿ.ಯಿಂದ ಶುರುಮಾಡಿ, ಒಣಹುಲ್ಲಿನ ಜೊತೆ ಬೆರೆಸಿ, ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಿ. ವಾಸನೆ ಹಾಲಿಗೆ ಅಂಟದಂತೆ, ಹಾಲು ಕರೆದ ಮೇಲೆಯೇ ಹಾಕಿ. ಮುಸುಕಿನ ಜೋಳದ ರಸಮೇವಿನಲ್ಲಿ ಪ್ರೋಟೀನು ಕಡಿಮೆ, ಆದ್ದರಿಂದ ಹಿಂಡಿ ನಿಲ್ಲಿಸುವಂತಿಲ್ಲ.