ಅರಸನ ಧರ್ಮ, ನಾಡಿನ ದೇವರು

ಪ್ರಶ್ನೆ: ರಷ್ಯದ ಹಳೆಯ ಸಂಸ್ಥಾನಗಳಲ್ಲಿ ಅರಸ ಕ್ರೈಸ್ತನಾದ ಮೇಲೆ ಪ್ರಜೆಗಳೂ ಅದೇ ಧರ್ಮಕ್ಕೆ ಸೇರಬೇಕಾಯಿತಂತೆ. ನಮ್ಮ ಮಲೆನಾಡನ್ನೂ ಜೈನ ಅರಸರು ಆಳಿದ್ದರಲ್ಲ, ಇಲ್ಲಿ ಹಾಗೆ ಆಗಲಿಲ್ಲವೇಕೆ?
– ಓದುಗರು, ವಸ್ತಾರೆ

ಉತ್ತರ: ನೀವು ಹೇಳುತ್ತಿರುವುದು 988ರ ಸಂಗತಿ. ಕೀವ್‌ನ ಅರಸ ವ್ಲಾದಿಮಿರ್ ದೀಕ್ಷಾಸ್ನಾನ ಪಡೆದ. ತಾನೇ ನಿಲ್ಲಿಸಿದ್ದ ಪೆರೂನ್ ದೇವರ ವಿಗ್ರಹವನ್ನು ದ್ನೀಪರ್ ಹೊಳೆಗೆ ಹಾಕಿಸಿ, ಪಟ್ಟಣದ ಜನರನ್ನೂ ಅದೇ ನೀರಿಗಿಳಿಸಿದ. ಮುಂದೆ ಅವನ ವಂಶದವರು ಹಲವು ಸಂಸ್ಥಾನಗಳಾಗಿ ಒಡೆದು ಕಾದಾಡಿದರೂ ಚರ್ಚು ಒಂದೇ ಆಗಿತ್ತು.

ನಮ್ಮ ಘಟ್ಟದ ಸೀಮೆಯ ಕತೆ ಬೇರೆ. ನಿಮ್ಮೂರಿಗೆ ದೂರವಲ್ಲದ ಅಂಗಡಿ, ಅಂದರೆ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಅಲ್ಲಿ ಜೈನ ಬಸದಿಗಳಿವೆ, ವಾಸಂತಿಕಾ ದೇವಿಯ ಗುಡಿಯಿದೆ, ಶಿವ ಕೇಶವರ ಆಲಯಗಳೂ ಇವೆ. ಆ ಮನೆತನದ ವಿಷ್ಣುವರ್ಧನ ವೈಷ್ಣವನಾಗಿ 1117ರಲ್ಲಿ ಬೇಲೂರಿನ ದೇವಾಲಯ ಕಟ್ಟಿಸಿದ. ಪಟ್ಟದರಸಿ ಶಾಂತಲೆ ಮಾತ್ರ ಜೈನಳಾಗಿಯೇ ಉಳಿದು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಮಾಡಿಸಿದಳು. ದಂಡನಾಯಕ ಗಂಗರಾಜನೂ ಜೈನ. ಅವನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರಕ್ಕೆ ಹೋದಾಗ ವಿಷ್ಣುವರ್ಧನ ಆಗತಾನೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಅವನು ಭಕ್ತಿಯಿಂದ ಪ್ರಸಾದ ಸ್ವೀಕರಿಸಿ, ಆ ಜಿನನಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಇಂಥ ಅರಸ ಜೈನರನ್ನು ಹಿಂಸಿಸಿದನೆಂಬ ದಂತಕತೆಯನ್ನು ನಾನು ನಂಬಲಾರೆ.

ಕಳಸದಲ್ಲಿ ಇದು ಇನ್ನೂ ಸ್ಪಷ್ಟ. ಅದನ್ನಾಳಿದವರು ಹುಂಚದ ಸಾಂತರರ ಕವಲು; ಪದ್ಮಾವತಿ ಅವರ ಕುಲದೇವತೆ. 13ನೇ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರೇ ಇಲ್ಲಿ ರಾಜ್ಯಭಾರ ನಡೆಸಿದರು. ಈ ಮನೆತನ ಘಟ್ಟವಿಳಿದು ಕಾರ್ಕಳದಲ್ಲಿ ನೆಲೆಯೂರಿತು. ಅಲ್ಲಿ ವೀರಪಾಂಡ್ಯ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ, ಇಮ್ಮಡಿ ಭೈರರಸ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ. ಜಿನಭಕ್ತ ದೊರೆಗಳು ಭೈರವನ ಹೆಸರು ಹೊತ್ತಿದ್ದನ್ನು ಗಮನಿಸಿ. ಅದೇ ಮನೆತನ ಭದ್ರೆಯ ದಡದ ಕಳಸನಾಥನಿಗೂ ದತ್ತಿ ಬಿಟ್ಟಿತು.

ಇದನ್ನು ಬರೀ ಔದಾರ್ಯವೆನ್ನಲಾರೆ. ಗದ್ದೆ, ಉಂಬಳಿ, ಜಾತ್ರೆ, ನ್ಯಾಯ ಎಲ್ಲವೂ ಊರದೇವರ ಸುತ್ತ ಹೆಣೆದುಕೊಂಡಿದ್ದ ನಾಡಿನಲ್ಲಿ, ಆ ದೇವರನ್ನು ಕಾಯುವವನನ್ನೇ ಜನ ಒಡೆಯನೆಂದು ಒಪ್ಪುತ್ತಿದ್ದರು. ವ್ಲಾದಿಮಿರ್‌ಗೆ ಹೊಸ ಧರ್ಮ ಬೈಜಾಂಟಿಯಂ ಚಕ್ರವರ್ತಿಯ ತಂಗಿಯನ್ನೂ ಆ ಸಾಮ್ರಾಜ್ಯದ ನಂಟನ್ನೂ ತಂದುಕೊಟ್ಟಿತು. ಕಳಸದ ಅರಸನಿಗೆ ಬಲ ಬರುತ್ತಿದ್ದುದು ಇದೇ ಮಣ್ಣಿನಿಂದ.

ಹಾಗೆಂದು ಜಗಳವೇ ಇರಲಿಲ್ಲವೆಂದಲ್ಲ. ಜೈನರ ಮತ್ತು ಶ್ರೀವೈಷ್ಣವರ ವ್ಯಾಜ್ಯವನ್ನು 1368ರಲ್ಲಿ ಬುಕ್ಕರಾಯನೇ ತೀರ್ಮಾನಿಸಬೇಕಾಯಿತು. ಶ್ರವಣಬೆಳಗೊಳದ ಶಾಸನ ಅದಕ್ಕೆ ಸಾಕ್ಷಿ.

ಹಳೆಯ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಕಳಸದ ಶಾಸನಗಳೂ ಅಂಗಡಿಯ ಶಾಸನಗಳೂ ಅಚ್ಚಾಗಿವೆ. ಗ್ರಂಥಾಲಯದಲ್ಲಿ ಸಿಕ್ಕರೆ ದಯವಿಟ್ಟು ಓದಿ, ಆಮೇಲೆ ಆ ಎರಡು ಊರುಗಳಿಗೂ ಹೋಗಿ ಬನ್ನಿ.