ಮಸ್ಸೂರಿಗೆ ಹೊರಟ ಹೊಸನಗರದ ಹುಡುಗಿಗೆ

ಪುಟ್ಟೀ, ವಿದೇಶಾಂಗ ಸೇವೆ ಅಂದಕೂಡಲೇ ನಮ್ಮೂರವರ ಕಣ್ಣಿಗೆ ಕಟ್ಟುವುದು ವಿಮಾನ, ಕೋಟು, ಔತಣ. ನಿನ್ನ ಮೊದಲ ವರ್ಷಗಳು ಹಾಗಿರುವುದಿಲ್ಲ. ಮಸ್ಸೂರಿ, ಆಮೇಲೆ ದೆಹಲಿಯಲ್ಲಿ ತರಬೇತಿ, ಅದಾದ ಮೇಲೆ ಯಾವುದೋ ರಾಯಭಾರ ಕಚೇರಿಯಲ್ಲಿ ಮೂರನೇ ಕಾರ್ಯದರ್ಶಿ. ಅರಬ್ಬಿಯೋ ಚೀನಿಯೋ, ಪಾಲಿಗೆ ಬಂದ ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕು. ಉಳಿದ ಹೊತ್ತೆಲ್ಲ ಟಿಪ್ಪಣಿ ಬರೆಯುವ ಕೆಲಸ. ಆ ಟಿಪ್ಪಣಿಯ ಬಗ್ಗೆಯೇ ನಾನು ಹೇಳಬೇಕಿರುವುದು.

ಸಭೆಯಲ್ಲಿ ನಿನ್ನ ಸ್ವಂತ ಅಭಿಪ್ರಾಯಕ್ಕೆ ಜಾಗವಿಲ್ಲ. ಮಂಗಳೂರಿನ ಬೆನಗಲ್ ನರಸಿಂಗ ರಾಯರು 1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ನಿರ್ಣಯ ಮತಕ್ಕೆ ಬಂದಾಗ ದೆಹಲಿಯ ಸೂಚನೆ ಇನ್ನೂ ತಲುಪಿರಲಿಲ್ಲ. ಅವರು ಮತ ಹಾಕಲಿಲ್ಲ. ಸಂವಿಧಾನದ ಮೊದಲ ಕರಡು ಬರೆದವರಿಗೇ ಅಷ್ಟು ಕಟ್ಟುಪಾಡು! ಕಡತದೊಳಗೆ ಮಾತ್ರ ಕಂಡದ್ದನ್ನು ಕಂಡಹಾಗೆ ಬರೆಯಲೇಬೇಕು. ಮೇಲಿನವರಿಗೆ ರುಚಿಸುವಂತೆ ಬರೆದರೆ ನಿನಗೆ ಶಹಭಾಸ್‌ಗಿರಿ ಸಿಕ್ಕೀತು, ದೇಶ ಮೋಸಹೋದೀತು.

ನಮ್ಮ ಅಡಿಕೆಯನ್ನೇ ನೋಡು. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಒಪ್ಪಿತು. ನೆರೆಯ ಪುಟ್ಟ ದೇಶದ ಸ್ನೇಹ ದೆಹಲಿಗೆ ಮುಖ್ಯ, ಅದನ್ನು ತಪ್ಪೆನ್ನಲಾರೆ. ಮರುವರ್ಷ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಇಂಥ ಕಡತ ನಿನ್ನ ಮೇಜಿಗೆ ಬಂದ ದಿನ, ರಾಶಿ ಇಡಿ, ಗೊರಬಲು ಎಂಬ ಅಡಿಕೆ ದರ್ಜೆಗಳ ವ್ಯತ್ಯಾಸ ಬಲ್ಲವಳು ಆ ಕೋಣೆಯಲ್ಲಿ ನೀನೊಬ್ಬಳೇ ಇರಬಹುದು. ಸಂಕೋಚಪಡದೆ ಬರೆ.

ನಿನಗೇ ಅನ್ಯಾಯವಾದರೆ ಕ್ಯಾಂಟೀನಿನಲ್ಲಿ ಕೂತು ಗೊಣಗಬೇಡ, ಅದನ್ನೂ ಬರೆದುಕೊಡು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡಿದ್ದರು. ಮುಂದೆ ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಇತ್ಯರ್ಥವಾಗುವ ಮೊದಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಹಾಗಾಗಿ ಅರ್ಜಿ ವಜಾ ಆಯಿತು. ಆದರೆ 1979ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹೆಣ್ಣು ಗಂಡೆಂದು ಭೇದ ಮಾಡುವ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದು ಸರ್ಕಾರಕ್ಕೆ ಒತ್ತಿ ಹೇಳಿದರು. (ನಿನ್ನಮ್ಮ ಈಗಾಗಲೇ ಜಾತಕ ಹಿಡಿದು ಓಡಾಡುತ್ತಿದ್ದಾಳಂತೆ. ಅವಳಿಗೂ ಇದನ್ನು ಓದಿಹೇಳು.)

ಹೊರಡುವ ಮುನ್ನ ಒಂದು ದಿನ ಸಾಗರದ ಎಪಿಎಂಸಿ ಯಾರ್ಡಿನಲ್ಲಿ ಕೂತು ಬಾ. ಟೆಂಡರಿನ ದರ ನೋಡು, ಮಂಡಿಯವರನ್ನು ಮಾತಾಡಿಸು, ಮೂಟೆ ತಂದ ರೈತರು ಹೇಳುವುದನ್ನು ಅವತ್ತೇ ರಾತ್ರಿ ಒಂದು ಪುಟಕ್ಕೆ ಮೀರದಂತೆ ಬರೆದು ನನಗೆ ತೋರಿಸು.